ಗಂಡುಮೆಟ್ಟಿದ ನಾಡಿನ ಮೃದು ಮುಖದ ಹುಡುಗರು

ಬೆಳಗಾವಿಯಿಂದ ಕೊಲ್ಹಾಪುರದ ಕಡೆ ಹೆದ್ದಾರಿ ಹಿಡಿದರೆ ಮೊದಲು ಸಿಗುವ ದೊಡ್ಡ ಊರು ಕಾಕತಿ. 1778ರಲ್ಲಿ ಚನ್ನಮ್ಮ ಹುಟ್ಟಿದ್ದು ಇಲ್ಲಿ. ಕುದುರೆ ಸವಾರಿ, ಕತ್ತಿವರಸೆ, ಬಿಲ್ವಿದ್ಯೆ ಕಲಿತ ಹುಡುಗಿ ಕಿತ್ತೂರಿನ ಮಲ್ಲಸರ್ಜ ದೇಸಾಯಿಯನ್ನು ಮದುವೆಯಾದಳು. 1824ರ ಅಕ್ಟೋಬರಿನಲ್ಲಿ ಅವಳ ಸೈನ್ಯ ಕಲೆಕ್ಟರ್ ಥ್ಯಾಕರೆಯನ್ನು ಕೊಂದು ಇಂಗ್ಲಿಷರನ್ನು ಹಿಮ್ಮೆಟ್ಟಿಸಿತು. ಕಾಕತಿಯ ಮನೆಮನೆಯಲ್ಲಿ ಈ ಕತೆ ಹೆಮ್ಮೆಯಿಂದ ಹೇಳಲ್ಪಡುತ್ತದೆ. ಗಂಡಸಿನ ಕೆಲಸವೆಂದು ಎಲ್ಲರೂ ತಿಳಿದದ್ದನ್ನು ಹೆಣ್ಣೊಬ್ಬಳು ಮಾಡಿದ್ದಕ್ಕೆ ಈ ನಾಡು ಅವಳನ್ನು ತಲೆಯ ಮೇಲೆ ಹೊತ್ತುಕೊಂಡಿತು, ಗಂಡೆದೆಯ ರಾಣಿ ಎಂದು ಹಾಡಿ ಹೊಗಳಿತು.

ಅದೇ ಊರಿನ ಮೇಲೆ ಹಾದು ದಿನವೂ ನೂರಾರು ಹುಡುಗರು ಭೂತರಾಮನಹಟ್ಟಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯಕ್ಕೆ ಬಸ್ಸಿನಲ್ಲಿ ಹೋಗುತ್ತಾರೆ. ಅವರಲ್ಲಿ ಕೆಲವರಿಗೆ ಇಪ್ಪತ್ತೆರಡಾದರೂ ಗಡ್ಡ ತುಂಬಿಲ್ಲ. ಕೆಲವರ ದನಿ ತೆಳು, ಕೆಲವರ ಹುಬ್ಬು ತೀಡಿದಂತಿದೆ, ಕೆಲವರ ನಡಿಗೆಯಲ್ಲಿ ಗತ್ತಿಲ್ಲ. ಚನ್ನಮ್ಮನ ವಿಷಯದಲ್ಲಿ ಅಷ್ಟು ಉದಾರವಾದ ಮನಸ್ಸು ಈ ಹುಡುಗರ ಮುಂದೆ ದಿಢೀರನೆ ಬಿಗಿಯಾಗುತ್ತದೆ. ‘ಮೀಸಿ ಇನ್ನ ಬಂದಿಲ್ಲೇನ್ಲೇ?’ ಎಂಬಲ್ಲಿ ಶುರುವಾದದ್ದು ಕನ್ನಡದಲ್ಲಿ ‘ಹೆಣ್ಣಿಗ’ ಎಂದೂ ಮರಾಠಿಯಲ್ಲಿ ‘ಬಾಯಲ್ಯಾ’ ಎಂದೂ ಮುಗಿಯುತ್ತದೆ. ಎರಡು ಭಾಷೆಗಳಿಗಾಗಿ ಏಳು ದಶಕ ಜಗಳವಾಡಿದ ಗಡಿ ಜಿಲ್ಲೆ ಈ ಒಂದು ಅವಮಾನದಲ್ಲಿ ಮಾತ್ರ ಒಂದಾಗಿದೆ.

ಹೆಣ್ಣು ಗಂಡಿನ ಗುಣ ತೋರಿದರೆ ಮೇಲೇರಿದಳು ಎನ್ನುವ ಸಮಾಜ, ಗಂಡು ಹೆಣ್ಣಿನ ಚೆಲುವು ತೋರಿದರೆ ಕೆಳಗಿಳಿದ ಎನ್ನುತ್ತದೆ. ಈ ಲೆಕ್ಕದ ಪೆಟ್ಟು ಬೀಳುವುದು ಹುಡುಗ ಪ್ರೀತಿಗಾಗಿ ಕೈಚಾಚುವ ವಯಸ್ಸಿನಲ್ಲಿ. ಟಿಳಕವಾಡಿಯ ಆರ್‌ಪಿಡಿ ವೃತ್ತದ ಚಹಾದಂಗಡಿ ಇರಲಿ, ಖಾನಾಪುರದಿಂದ ಬೆಳಗಾವಿಗೆ ಬರುವ ಬೆಳಗಿನ ರೈಲಿರಲಿ, ಇನ್‌ಸ್ಟಾಗ್ರಾಂ ಇರಲಿ, ಇಂಥ ಹುಡುಗನಿಗೆ ಸಾಮಾನ್ಯವಾಗಿ ಮೂರು ಉತ್ತರಗಳು ಕಾದಿರುತ್ತವೆ. ‘ನೀ ನನ್ನ ತಮ್ಮ ಇದ್ದಂಗ’ ಎಂಬುದು ಒಂದು. ‘ನೀನು ಆ ಥರಾನ?’ ಎಂಬ ಪಿಸುಮಾತಿನ ಅನುಮಾನ ಇನ್ನೊಂದು. ‘ಹುಡುಗ ಏನೋ ಛಲೋ ಇದ್ದಾನ, ಆದ್ರ ಗಂಡಸಂಗ ಕಾಣಂಗಿಲ್ಲ’ ಎಂಬ ಮನೆಯವರ ತೀರ್ಪು ಮೂರನೆಯದು. ಈ ಮೂರೂ ಈ ಮಣ್ಣಿನ ಹಳೆಯ ರೂಢಿ ಎಂದು ಜನ ನಂಬಿದ್ದಾರೆ. ಇತಿಹಾಸ ಬೇರೆಯೇ ಕತೆ ಹೇಳುತ್ತದೆ.

ನೂರು ವರ್ಷ ಹಿಂದೆ ಇದೇ ಸೀಮೆಯ ಅತ್ಯಂತ ಆರಾಧಿತ ಗಂಡಸು ಯಾರು ಎಂದು ಕೇಳಿದ್ದರೆ, ಬೆಳಗಾವಿ, ಹುಬ್ಬಳ್ಳಿ, ಮಿರಜಿನ ನಾಟಕಪ್ರಿಯರು ಹೇಳುತ್ತಿದ್ದ ಹೆಸರು ಬಾಲಗಂಧರ್ವ. ನಾರಾಯಣ ಶ್ರೀಪಾದ ರಾಜಹಂಸ ಅವರ ನಿಜ ಹೆಸರು. 1888ರಲ್ಲಿ ಹುಟ್ಟಿದ ಅವರು 1905ರಲ್ಲಿ ಕಿರ್ಲೋಸ್ಕರ ನಾಟಕ ಮಂಡಳಿ ಸೇರಿ ಶಕುಂತಲೆಯಾದರು. ಆ ಮಂಡಳಿಯನ್ನು ಕಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1843ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದವರು. 1913ರಲ್ಲಿ ಬಾಲಗಂಧರ್ವರು ತಮ್ಮದೇ ಗಂಧರ್ವ ನಾಟಕ ಮಂಡಳಿ ಕಟ್ಟಿದರು. 1916ರ ‘ಸ್ವಯಂವರ’ದ ರುಕ್ಮಿಣಿಯಾಗಿ, 1919ರ ‘ಏಕಚ್ ಪ್ಯಾಲಾ’ದ ಸಿಂಧುವಾಗಿ ಅವರು ರಂಗಕ್ಕೆ ಬಂದಾಗ ಗಂಡಸರು ಮೈಮರೆತರು. ಹೆಂಗಸರು ಅವರ ಸೀರೆಯ ಉಡುಗೆಯನ್ನೂ ಒಡವೆಯನ್ನೂ ತುರುಬಿನ ಹೂವನ್ನೂ ನೋಡಿ ಮನೆಗೆ ಹೋಗಿ ಅನುಕರಿಸಿದರು. ಉಳ್ಳವರ ಮನೆಯ ಸೊಸೆಯಂದಿರು ಹೇಗೆ ಉಡಬೇಕು, ಹೇಗೆ ನಡೆಯಬೇಕು ಎಂಬುದನ್ನು ಒಬ್ಬ ಗಂಡಸು ಕಲಿಸಿದ. ಭಾರತ ಸರಕಾರ 1964ರಲ್ಲಿ ಅವರಿಗೆ ಪದ್ಮಭೂಷಣ ಕೊಟ್ಟಿತು.

ಅವರ ಬದುಕಿನ ಪ್ರೇಮ ಪ್ರಸಂಗದಲ್ಲಿ ಕನ್ನಡದ ಹೆಣ್ಣುಮಗಳೊಬ್ಬಳಿದ್ದಾಳೆ. ಆಗಿನ ಬಿಜಾಪುರ ಜಿಲ್ಲೆಯ, ಈಗ ಬಾಗಲಕೋಟೆಗೆ ಸೇರಿದ ಬೀಳಗಿಯ ಗೋಹರಬಾಯಿ ಕರ್ನಾಟಕಿ, ಚಿತ್ರರಂಗದ ಹೆಸರಾಂತ ಗಾಯಕಿ ಅಮೀರಬಾಯಿ ಕರ್ನಾಟಕಿಯ ಅಕ್ಕ. ರಹಮತ್ ತರೀಕೆರೆಯವರು ಅಮೀರಬಾಯಿಯ ಬಗ್ಗೆ ಬರೆದ ಪುಸ್ತಕದಿಂದಾಗಿ ಕನ್ನಡಿಗರಿಗೆ ಈ ಕುಟುಂಬ ಮತ್ತೆ ಪರಿಚಯವಾಯಿತು. ಗೋಹರಬಾಯಿ ಬಾಲಗಂಧರ್ವರ ಗಾಯನಕ್ಕೆ ಮನಸೋತರು, ಅವರ ಶೈಲಿಯನ್ನು ಮೈಗೂಡಿಸಿಕೊಂಡರು, 1930ರ ದಶಕದ ಕೊನೆಗೆ ಅವರ ಮಂಡಳಿ ಸೇರಿದರು. ಆಗ ಬಾಲಗಂಧರ್ವರಿಗೆ ಐವತ್ತು. ಸಾಲ ಕುತ್ತಿಗೆಗೆ ಬಂದಿತ್ತು, ಟಾಕಿ ಸಿನಿಮಾ ನಾಟಕದ ಪ್ರೇಕ್ಷಕರನ್ನು ಸೆಳೆದುಕೊಂಡಿತ್ತು. ಜಾತಿ, ಧರ್ಮ, ವಯಸ್ಸು ಯಾವುದೂ ಹೊಂದದ ಆ ಸಂಬಂಧವನ್ನು ಅವರ ಅಭಿಮಾನಿಗಳೇ ಕಟುವಾಗಿ ವಿರೋಧಿಸಿದರು. ಆದರೂ ಇಬ್ಬರೂ ಮದುವೆಯಾಗಿ, 1964ರಲ್ಲಿ ಗೋಹರಬಾಯಿ ತೀರಿಕೊಳ್ಳುವವರೆಗೆ ಜೊತೆಗಿದ್ದರು. ಹೆಣ್ಣಿನ ವೇಷದಲ್ಲೇ ಲೋಕವನ್ನು ಗೆದ್ದ ಗಂಡಸನ್ನು ಬೀಳಗಿಯ ಹುಡುಗಿ ಮೆಚ್ಚಿದ್ದು ಅವನ ಮೀಸೆಗಲ್ಲ, ಕಂಠಕ್ಕೆ.

ಬೆಳಗಾವಿ ಜಿಲ್ಲೆಯೇ ಕೊಟ್ಟ ಇನ್ನೂ ಇಬ್ಬರು ಕಲಾವಿದರ ಬದುಕು ಇಲ್ಲಿ ಹತ್ತಿರದ ಸಾಕ್ಷಿ. ವಿಷ್ಣುಪಂತ ಪಾಗ್ನೀಸ್ 1892ರಲ್ಲಿ ಚಿಕ್ಕೋಡಿಯಲ್ಲಿ ಹುಟ್ಟಿದರು. ಹೆಣ್ಣು ಪಾತ್ರಗಳಿಂದಲೇ ರಂಗದಲ್ಲಿ ಹೆಸರು ಮಾಡಿದವರು. ಪ್ರಭಾತ್ ಸಂಸ್ಥೆ ‘ಸಂತ ತುಕಾರಾಮ’ ಚಿತ್ರಕ್ಕೆ ಅವರನ್ನು ಆರಿಸಿದಾಗ, ಸ್ತ್ರೀಪಾತ್ರದ ನಟ ಸಂತನ ಗಾಂಭೀರ್ಯ ಹೇಗೆ ತಂದಾನು ಎಂಬ ಅನುಮಾನ ಸಂಸ್ಥೆಯೊಳಗೇ ಎದ್ದಿತ್ತು. ಆದರೂ ಪಾತ್ರ ಅವರಿಗೇ ಉಳಿಯಿತು. 1936ರಲ್ಲಿ ಬಂದ ಆ ಚಿತ್ರ ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲಿ ಮನ್ನಣೆ ಗಳಿಸಿತು. ಪಾಗ್ನೀಸರ ಮುಖದ ಮಾರ್ದವ, ಕಣ್ಣಿನ ಆರ್ದ್ರತೆಯೇ ತುಕಾರಾಮನಾಯಿತು. ಜನ ಅವರಲ್ಲಿ ನಟನನ್ನು ಮರೆತು ಸಂತನನ್ನೇ ಕಂಡರು.

ಸವದತ್ತಿ ತಾಲೂಕಿನ ಏಣಗಿಯ ಬಾಳಪ್ಪನವರದೂ ಅದೇ ದಾರಿ. 1914ರಲ್ಲಿ ಹುಟ್ಟಿದ ಬಾಳಪ್ಪ ಹುಡುಗನಾಗಿದ್ದಾಗ ಕಂಪನಿ ಸೇರಿ ಸ್ತ್ರೀಪಾತ್ರಗಳಿಂದ ಪಳಗಿದರು. ಮುಂದೆ ತಮ್ಮದೇ ಕಲಾವೈಭವ ನಾಟ್ಯ ಸಂಘ ಕಟ್ಟಿ ‘ಜಗಜ್ಯೋತಿ ಬಸವೇಶ್ವರ’ದ ಬಸವಣ್ಣನಾದರು. ಆ ವೇಷದಲ್ಲಿ ಅವರನ್ನು ಕಂಡು ಹಳ್ಳಿಯ ಜನ ಕೈಮುಗಿದರು. 2017ರಲ್ಲಿ 103ನೇ ವಯಸ್ಸಿಗೆ ತೀರಿಕೊಳ್ಳುವವರೆಗೆ ಉತ್ತರ ಕರ್ನಾಟಕದ ರಂಗಭೂಮಿ ಅವರನ್ನು ಹಿರಿಯಣ್ಣನಂತೆ ಕಂಡಿತು. ಒಬ್ಬರು ತುಕಾರಾಮ, ಇನ್ನೊಬ್ಬರು ಬಸವಣ್ಣ. ಇಬ್ಬರೂ ಅಲ್ಲಿಗೆ ತಲುಪಿದ್ದು ಹೆಣ್ಣಿನ ಪಾತ್ರಗಳ ಮೂಲಕ. ಹೆಣ್ಣಿನ ದನಿ, ನೋಟ, ನಾಚಿಕೆ, ಅಳು ಎಲ್ಲವನ್ನೂ ಒಳಗಿಳಿಸಿಕೊಂಡ ದೇಹಕ್ಕೆ ಭಕ್ತಿಯ ಮತ್ತು ಕರುಣೆಯ ಭಾವಗಳು ಸಲೀಸಾಗಿ ಒಲಿದವು. ಆ ಕಾಲದ ಪ್ರೇಕ್ಷಕರು ಇದನ್ನು ಕೊರತೆಯೆಂದು ಎಣಿಸಲಿಲ್ಲ, ಟಿಕೆಟ್ ಕೊಂಡು ರಾತ್ರಿಯಿಡೀ ಕೂತು ನೋಡಿದರು.

ಹಾಗಾದರೆ ಮೃದು ಗಂಡಸಿನ ಮೇಲಿನ ಈ ತಾತ್ಸಾರ ಎಲ್ಲಿಂದ ಬಂತು? ಒಂದು ಬೇರು ವಸಾಹತು ಕಾಲದಲ್ಲಿದೆ. ಬಂಗಾಳಿ ಗಂಡಸರನ್ನು ಹೆಣ್ಣಿಗರೆಂದು ಜರೆದು ಮೆಕಾಲೆ 1841ರಲ್ಲಿ ಬರೆದ. 1857ರ ಬಂಡಾಯದ ನಂತರ ಇಂಗ್ಲಿಷ್ ಸೇನಾಧಿಕಾರಿಗಳು ಭಾರತದ ಜಾತಿಗಳನ್ನು ಯುದ್ಧಕ್ಕೆ ಯೋಗ್ಯರು, ಅಯೋಗ್ಯರು ಎಂದು ವಿಂಗಡಿಸಿ ಅದನ್ನೇ ಭರ್ತಿಯ ನೀತಿಯಾಗಿಸಿದರು. ಇತಿಹಾಸಕಾರ್ತಿ ಮೃಣಾಲಿನಿ ಸಿನ್ಹಾ ಈ ವಿಂಗಡಣೆಯ ರಾಜಕೀಯವನ್ನು 1995ರ ತಮ್ಮ ಗ್ರಂಥದಲ್ಲಿ ವಿವರವಾಗಿ ಬಿಡಿಸಿದ್ದಾರೆ. ಬೆಳಗಾವಿ ದಂಡಿನ ಊರು. 1768ರಷ್ಟು ಹಿಂದಿನ ಮೂಲವಿರುವ ಮರಾಠಾ ಲಘು ಪದಾತಿ ದಳದ ಕೇಂದ್ರ ಇಲ್ಲಿದೆ, ಆನಂದವಾಡಿಯ ಕುಸ್ತಿ ಅಖಾಡವಿದೆ. ಕ್ಯಾಂಪಿನ ಕವಾಯತು, ಅಖಾಡದ ಮಣ್ಣು ಇವೆರಡೂ ನಾಡಿನ ನಿಜವಾದ ಸಂಪತ್ತು. ಆದರೆ ಸೈನ್ಯದ ಭರ್ತಿಯಲ್ಲೂ ಅಳೆಯುವುದು 77 ಸೆಂಟಿಮೀಟರ್ ಎದೆಯನ್ನು, ಉಸಿರೆಳೆದಾಗ ಅದು 5 ಸೆಂಟಿಮೀಟರ್ ಹಿಗ್ಗುವುದನ್ನು, ಓಟದ ವೇಗವನ್ನು. ದವಡೆಯ ಚೌಕವನ್ನಾಗಲಿ ಗಡ್ಡದ ದಟ್ಟಣೆಯನ್ನಾಗಲಿ ಅಳೆಯುವ ಟೇಪು ಅಲ್ಲಿಲ್ಲ.

ಇನ್ನೊಂದು ಬೇರು ಸಿನಿಮಾದ್ದು. ನಟಿಯರು ರಂಗಕ್ಕೂ ತೆರೆಗೂ ಬಂದ ಮೇಲೆ ಗಂಡಸು ಹೆಣ್ಣಾಗುವ ಅಗತ್ಯ ತಪ್ಪಿತು. ಅದು ಒಳ್ಳೆಯದೇ ಆಯಿತು. ಆದರೆ ಮುಂದೆ ಗಂಡಸಿನ ಮೈಯಲ್ಲಿ ಹೆಣ್ತನ ಕಂಡರೆ ಅದು ನಗೆಪಾತ್ರವೆಂಬ ಹೊಸ ರೂಢಿ ಬೆಳೆಯಿತು. ಅದರ ನಡುವೆಯೂ ಕನ್ನಡ ತೆರೆ 1970ರ ದಶಕದಲ್ಲಿ ಅನಂತನಾಗ್ ಅವರನ್ನು ಪ್ರೇಮಿಯಾಗಿ ಕಂಡಿತು. 1976ರ ‘ಬಯಲು ದಾರಿ’, 1979ರ ‘ನಾ ನಿನ್ನ ಬಿಡಲಾರೆ’, ‘ಚಂದನದ ಗೊಂಬೆ’ ಚಿತ್ರಗಳ ಅನಂತನಾಗ್ ನುಣುಪಾಗಿ ಕ್ಷೌರ ಮಾಡಿಕೊಂಡ, ಮೆಲುದನಿಯಲ್ಲಿ ಮಾತಾಡುವ, ಕಣ್ಣಲ್ಲೇ ಕೇಳುವ ನಾಯಕ. ಒಂದು ತಲೆಮಾರಿನ ಕನ್ನಡ ಹೆಣ್ಣುಮಕ್ಕಳ ಕನಸಿನ ಗಂಡು ಅವರೇ. ನಾಲ್ಕು ದಶಕದ ನಂತರ, 2018ರ ಡಿಸೆಂಬರಿನಲ್ಲಿ ‘ಕೆಜಿಎಫ್’ ಬಂತು, 2022ರ ಏಪ್ರಿಲ್‌ನಲ್ಲಿ ಅದರ ಎರಡನೇ ಭಾಗ ಬಂತು. ಯಶ್ ಅವರ ಗಡ್ಡ ರಾಜ್ಯದ ಕ್ಷೌರದಂಗಡಿಗಳ ಗೋಡೆ ಏರಿತು. ಅದು ಆ ಪಾತ್ರಕ್ಕೆ ಒಪ್ಪುವ ಚೆಂದದ ವೇಷ. ಕಷ್ಟ ಶುರುವಾದದ್ದು ಆ ವೇಷವೇ ಗಂಡಸುತನದ ಪ್ರಮಾಣಪತ್ರವಾದಾಗ.

ಹುಡುಗರನ್ನು ಹೆಚ್ಚು ಕಾಡುವ ಪ್ರಶ್ನೆಗೆ ಬರೋಣ. ಹುಡುಗಿಯರಿಗೆ ಒರಟು ಮುಖವೇ ಇಷ್ಟವೇ? ಮನೋವಿಜ್ಞಾನಿ ಡೇವಿಡ್ ಪೆರೆಟ್ ಮತ್ತು ಸಂಗಡಿಗರು 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಂಪ್ಯೂಟರಿನಲ್ಲಿ ಗಂಡಸರ ಮುಖಗಳನ್ನು ಸ್ವಲ್ಪ ಗಡುಸಾಗಿಸಿ, ಸ್ವಲ್ಪ ಮೃದುವಾಗಿಸಿ, ಸ್ಕಾಟ್ಲೆಂಡಿನವರಿಗೂ ಜಪಾನಿನವರಿಗೂ ತೋರಿಸಿದರು. ಎರಡೂ ಕಡೆ ನೋಡುಗರು ಒಲಿದದ್ದು ತುಸು ಹೆಣ್ಣಿನ ಛಾಯೆಯಿದ್ದ ಮುಖಕ್ಕೆ. ಗಡುಸಾಗಿಸಿದ ಮುಖ ಅಧಿಕಾರಸ್ಥನಂತೆ ಕಂಡಿತು, ಜೊತೆಗೆ ತಣ್ಣಗಿನವನಂತೆಯೂ ಪ್ರಾಮಾಣಿಕತೆ ಕಡಿಮೆಯವನಂತೆಯೂ ಕಂಡಿತು. ಮರುವರ್ಷ ಅದೇ ಪತ್ರಿಕೆಯಲ್ಲಿ ಇನ್ನೊಂದು ಅಧ್ಯಯನ ಬಂದು, ತಿಂಗಳ ಕೆಲವು ದಿನಗಳಲ್ಲಿ ಹೆಂಗಸರು ಗಡುಸು ಮುಖದ ಕಡೆ ವಾಲುತ್ತಾರೆ ಎಂದಿತು. ಇಂದಿಗೂ ಯೂಟ್ಯೂಬಿನ ಬೋಧಕರು ಅದನ್ನೇ ಹಿಡಿದು ಹುಡುಗರನ್ನು ಹೆದರಿಸುತ್ತಾರೆ. ಆದರೆ 2018ರಲ್ಲಿ 584 ಹೆಂಗಸರನ್ನು, ಅವರ ಹಾರ್ಮೋನುಗಳನ್ನು ಅಳೆಯುತ್ತ, ಪರೀಕ್ಷಿಸಿದ ದೊಡ್ಡ ಅಧ್ಯಯನಕ್ಕೆ ಅಂಥ ಏರಿಳಿತದ ಗಟ್ಟಿ ಪುರಾವೆ ಸಿಗಲಿಲ್ಲ.

ಗಡ್ಡದ ಬಗ್ಗೆಯೂ ಇದೇ ಮಾತು. ಬಾರ್ನಬಿ ಡಿಕ್ಸನ್ ಮತ್ತು ಪಾಲ್ ವೇಸಿ 2012ರಲ್ಲಿ ನ್ಯೂಜಿಲೆಂಡಿನ ಮತ್ತು ಸಮೋವಾ ದ್ವೀಪದ ಹೆಂಗಸರಿಗೆ ಅದೇ ಗಂಡಸರ ಗಡ್ಡವಿದ್ದ, ಗಡ್ಡವಿಲ್ಲದ ಚಿತ್ರಗಳನ್ನು ತೋರಿಸಿದರು. ಗಡ್ಡದ ಮುಖ ಹಿರಿಯನಂತೆ, ಅಂತಸ್ತಿನವನಂತೆ, ಸಿಟ್ಟಿನಲ್ಲಿ ಹೆಚ್ಚು ಭಯ ಹುಟ್ಟಿಸುವಂತೆ ಕಂಡಿತು. ಚೆಲುವಿನಲ್ಲಿ ಮುಂದಿದ್ದದ್ದು ಗಡ್ಡವಿಲ್ಲದ ಮುಖ. ಮರುವರ್ಷದ ಇನ್ನೊಂದು ಅಧ್ಯಯನದಲ್ಲಿ ಹೆಂಗಸರು ಹೆಚ್ಚು ಮೆಚ್ಚಿದ್ದು ಕೆಲವು ದಿನ ಕ್ಷೌರ ಮಾಡದ ಕುರುಚಲು ಗಡ್ಡವನ್ನು. ಅಂದರೆ ಹೆಣ್ಣಿನ ಮೆಚ್ಚುಗೆಗೆ ಒಂದೇ ಅಚ್ಚಿಲ್ಲ. ದಟ್ಟ ಗಡ್ಡ ಬೇಗ ಕೆಲಸ ಮಾಡುವುದು ಬೇರೆ ಗಂಡಸರ ಕಣ್ಣಿನ ಮೇಲೆ. ಗಡ್ಡ ಬಾರದ ಹುಡುಗ ಸೋತಂತೆ ಭಾವಿಸುವುದು ಬಹುಪಾಲು ಹಾಸ್ಟೆಲಿನ ಗೆಳೆಯರ ಎದುರೇ ಹೊರತು, ತಾನು ಇಷ್ಟಪಟ್ಟ ಹುಡುಗಿಯ ಎದುರಲ್ಲ.

ದೇಹದ ಲೆಕ್ಕವೂ ಹುಡುಗರಿಗೆ ಸರಿಯಾಗಿ ತಿಳಿಯಬೇಕು. ಗಡ್ಡ ಬೆಳೆಸುವುದು ಟೆಸ್ಟೊಸ್ಟೆರಾನ್ ಮತ್ತು ಅದರಿಂದ ಹುಟ್ಟುವ ಡಿಎಚ್‌ಟಿ. ಆದರೆ ಇಬ್ಬರ ರಕ್ತದಲ್ಲಿ ಹಾರ್ಮೋನು ಒಂದೇ ಮಟ್ಟದಲ್ಲಿದ್ದರೂ, ಅದಕ್ಕೆ ಕೂದಲ ಬುಡ ಎಷ್ಟು ಸ್ಪಂದಿಸುತ್ತದೆ ಎಂಬುದನ್ನು ವಂಶವಾಹಿ ತೀರ್ಮಾನಿಸುತ್ತದೆ. ಅದಕ್ಕೇ ಅಪ್ಪನಿಗೆ, ಸೋದರಮಾವಂದಿರಿಗೆ ಗಡ್ಡ ತೆಳುವಾಗಿದ್ದರೆ ಮಗನಿಗೂ ತೆಳುವಾಗಬಹುದು. ಹಲವರಿಗೆ ಅದು ತುಂಬುವುದು ಇಪ್ಪತ್ತೈದರ ನಂತರ. ಹರೆಯದಲ್ಲಿ ಎದೆ ಸ್ವಲ್ಪ ಉಬ್ಬುವುದು ಸುಮಾರು ಅರ್ಧದಷ್ಟು ಹುಡುಗರಲ್ಲಿ ಕಾಣುವ ಸಂಗತಿ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಇಳಿಯುತ್ತದೆ. ದನಿ ಒಡೆಯದೆ ಉಳಿದರೆ ಅದನ್ನು ಧ್ವನಿ ಚಿಕಿತ್ಸೆಯಿಂದ ಬದಲಿಸಬಹುದು. ಹದಿನಾಲ್ಕಾದರೂ ಹರೆಯದ ಗುರುತೇ ಇಲ್ಲದಿದ್ದರೆ, ವೃಷಣ ತೀರ ಚಿಕ್ಕದಿದ್ದರೆ ವೈದ್ಯರನ್ನು ಕಾಣಬೇಕು. ಬೆಳಗಾವಿಯಲ್ಲಿ ಬಿಮ್ಸ್ ಆಸ್ಪತ್ರೆ ಇದೆ, ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿದೆ. ಉಳಿದವರ ಮುಖ, ಚರ್ಮ, ದನಿ ಯಾವ ರೋಗದ ಲಕ್ಷಣವೂ ಅಲ್ಲ.

ರೋಗ ಹುಟ್ಟುವುದು ಅದನ್ನು ಮುಚ್ಚಿಕೊಳ್ಳುವ ಅವಸರದಲ್ಲಿ. ತಲೆಯ ಕೂದಲಿಗೆಂದು ಬಂದ ಮಿನಾಕ್ಸಿಡಿಲ್ ಅನ್ನು ಹುಡುಗರು ವೈದ್ಯರನ್ನು ಕೇಳದೆ ಕೆನ್ನೆಗೆ ಹಚ್ಚುತ್ತಾರೆ. ಚರ್ಮ ಉರಿಯುತ್ತದೆ, ಕೆಲವರಿಗೆ ಎದೆ ಡವಗುಟ್ಟುತ್ತದೆ. ಇನ್ನೂ ಅಪಾಯದ್ದು ಜಿಮ್ಮಿನ ಮರೆಯಲ್ಲಿ ಸಿಗುವ ಸ್ಟೀರಾಯ್ಡ್ ಇಂಜೆಕ್ಷನ್. ಹೊರಗಿನಿಂದ ಹಾರ್ಮೋನು ಬಂದೊಡನೆ ಮೆದುಳು ವೃಷಣಕ್ಕೆ ಕೆಲಸ ನಿಲ್ಲಿಸಲು ಹೇಳುತ್ತದೆ. ವೃಷಣ ಕುಗ್ಗುತ್ತದೆ, ವೀರ್ಯಾಣು ಇಳಿಯುತ್ತದೆ. ಹೆಚ್ಚಾದ ಹಾರ್ಮೋನಿನ ಒಂದು ಪಾಲು ಈಸ್ಟ್ರೊಜೆನ್ ಆಗಿ ಮಾರ್ಪಟ್ಟು ಎದೆ ಬೆಳೆಯುತ್ತದೆ. ಸೂಜಿ ಬಿಟ್ಟ ಮೇಲೆ ದೇಹ ಮೊದಲಿನಂತಾಗಲು ತಿಂಗಳುಗಟ್ಟಲೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಬೇಕು. ಗಂಡಸಾಗಿ ಕಾಣಲು ಹೊರಟ ಹುಡುಗ ತಂದೆಯಾಗುವ ಶಕ್ತಿಯನ್ನೇ ಪಣಕ್ಕಿಡುತ್ತಾನೆ. ಇದನ್ನು ಕಾಲೇಜಿನ ಆರೋಗ್ಯ ಶಿಬಿರಗಳಲ್ಲಿ ಯಾರಾದರೂ ಹುಡುಗರಿಗೆ ಮುಖ ಕೊಟ್ಟು ಹೇಳಲೇಬೇಕು.

ಗಿರೀಶ ಕಾರ್ನಾಡರ ‘ಹಯವದನ’ ಈ ವಿಷಯದ ಮೇಲೆ ಕನ್ನಡ ಬರೆದ ಅತ್ಯಂತ ತೀಕ್ಷ್ಣ ಕೃತಿ. 1971ರ ಆ ನಾಟಕದಲ್ಲಿ ದೇವದತ್ತ ಕವಿ, ಪಂಡಿತ, ಕೋಮಲ ಮೈಯವನು. ಅವನ ಗೆಳೆಯ ಕಪಿಲ ಕಮ್ಮಾರನ ಮಗ, ಗಟ್ಟಿ ಮೈಯವನು. ಪದ್ಮಿನಿಗೆ ಗಂಡನ ಬುದ್ಧಿಯೂ ಬೇಕು, ಗೆಳೆಯನ ಮೈಯೂ ಬೇಕು. ಕಾಳಿಯ ಗುಡಿಯಲ್ಲಿ ಕಡಿದುಹೋದ ತಲೆಗಳನ್ನು ಅವಳು ಅದಲುಬದಲಾಗಿ ಜೋಡಿಸಿದಾಗ ಬಯಸಿದ ಗಂಡು ಸಿಕ್ಕೇಬಿಟ್ಟ. ಆದರೆ ದಿನ ಕಳೆದಂತೆ ದೇವದತ್ತನ ತಲೆ ಹೊತ್ತ ಆ ಮೈ ಮತ್ತೆ ಮೆತ್ತಗಾಯಿತು, ಕಪಿಲನ ತಲೆ ಹೊತ್ತ ಮೈ ಕಾಡಿನಲ್ಲಿ ಮತ್ತೆ ಗಟ್ಟಿಯಾಯಿತು. ದೇಹ ತನ್ನ ಮನುಷ್ಯನ ಕಡೆಗೇ ಮರಳಿತು. ಬಿಡಿಭಾಗಗಳಿಂದ ಗಂಡನ್ನು ಕಟ್ಟಲು ಹೊರಟವಳಿಗೆ ಕಾರ್ನಾಡರು ಕೊಟ್ಟ ಕೊನೆ ಕ್ರೂರವಾದದ್ದು. ಜಿಮ್ಮಿನ ಕನ್ನಡಿಯ ಮುಂದೆ ಇನ್ನೊಬ್ಬನ ಮೈಯನ್ನು ತನ್ನ ತಲೆಗೆ ಜೋಡಿಸಲು ಹೆಣಗುವ ಹುಡುಗನೂ ಈ ನಾಟಕ ಓದಬೇಕು.

ಇಷ್ಟರಲ್ಲಿ ಬೆಳಗಾವಿಯ ಹುಡುಗಿಯರ ಮೊಬೈಲ್ ಪರದೆ ಬದಲಾಗಿದೆ. 2020ರ ಲಾಕ್‌ಡೌನಿನಲ್ಲಿ ಮನೆಯೊಳಗೆ ಕೂತ ತಲೆಮಾರು ಕೊರಿಯಾದ ಧಾರಾವಾಹಿಗಳನ್ನು ಕಂಡಿತು, 2013ರಿಂದ ಹಾಡುತ್ತಿರುವ ಬಿಟಿಎಸ್ ತಂಡವನ್ನು ಹಚ್ಚಿಕೊಂಡಿತು. ನುಣುಪು ಚರ್ಮ, ಬಣ್ಣದ ಕೂದಲು, ತುಟಿಗೆ ತೆಳು ಬಣ್ಣ ಹಚ್ಚಿದ ಆ ಹುಡುಗರು ವೇದಿಕೆಯ ಮೇಲೆ ಅಳಲು ಹಿಂಜರಿಯುವುದಿಲ್ಲ. ಅವರ ಚಿತ್ರ ಇಂದು ಕಾಲೇಜು ಹುಡುಗಿಯರ ಫೋನಿನ ಕವಚದ ಮೇಲಿದೆ. ಹಾಗೆಂದು ಮೃದು ಮುಖದವರಿಗೆಲ್ಲ ದಾರಿ ಸಲೀಸಾಯಿತು ಎನ್ನುವಂತಿಲ್ಲ. ಕೊರಿಯಾದ ನಟನನ್ನು ಮೆಚ್ಚುವ ಹುಡುಗಿಯೂ ಮನೆಯವರ ಮುಂದೆ ನಿಲ್ಲಿಸುವ ಹುಡುಗನನ್ನು ಬೇರೆ ಕಣ್ಣಿನಿಂದ ಅಳೆಯುವುದುಂಟು. ಅವಳ ಹೆದರಿಕೆ ಹೆಚ್ಚಾಗಿ ಅಣ್ಣನ ಮಾತಿಗೆ, ಓಣಿಯ ಬಾಯಿಗೆ.

ಮದುವೆಯ ಮಾರುಕಟ್ಟೆಯ ಲೆಕ್ಕ ಇನ್ನೂ ಬೇರೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಅವರಲ್ಲಿ ಬಹುಪಾಲು ರೈತರು, ಹೊಲದಲ್ಲಿ ದುಡಿದು ಗಟ್ಟಿಯಾದ ಮೈಯವರು. ಆ ಮೈ ಅವರಿಗೆ ಹೆಣ್ಣು ತಂದುಕೊಡಲಿಲ್ಲ. ಖಾನಾಪುರದ ಹಳ್ಳಿಗಳಲ್ಲೂ ಹೆಣ್ಣಿನ ಕಡೆಯವರು ಮೊದಲು ಕೇಳುವುದು ನೌಕರಿ, ಮನೆ, ಜಮೀನು, ಚಟ. ರೂಪದ ಮಾತು ಬರುವುದು ಇವೆಲ್ಲ ಮುಗಿದ ಮೇಲೆ. ಹುಡುಗ ಗಂಡಸಿನಂತೆ ಕಾಣುವುದಿಲ್ಲ ಎಂಬ ನೆಪ ಎಷ್ಟೋ ಸಲ ಬೇರೆ ಕಾರಣವನ್ನು ಮುಚ್ಚಿಡಲು ಬಳಸುವ ಮಾತು. ನಿರಾಕರಣೆಯ ನಿಜ ಕಾರಣ ತಿಳಿಯದ ಹುಡುಗ ಮಾತ್ರ ವರ್ಷಗಟ್ಟಲೆ ಕನ್ನಡಿಯನ್ನೇ ದೂರುತ್ತಾನೆ.

ಅನುಮಾನದ ವಿಷಯವನ್ನೂ ಮುಚ್ಚುಮರೆ ಇಲ್ಲದೆ ಹೇಳಬೇಕು. ಮುಖ ಮೃದುವಾಗಿದ್ದರೆ ಅವನು ಸಲಿಂಗಪ್ರೇಮಿ ಎಂಬ ಊಹೆ ತಪ್ಪು. ಗಡ್ಡ ದಟ್ಟವಾಗಿದ್ದರೆ ಅಲ್ಲ ಎಂಬುದೂ ಅಷ್ಟೇ ತಪ್ಪು. ಯಾರನ್ನು ಪ್ರೀತಿಸುತ್ತೇವೆ ಎಂಬುದಕ್ಕೂ ದವಡೆಯ ಆಕಾರಕ್ಕೂ ಸಂಬಂಧವಿಲ್ಲ. ತನ್ನನ್ನು ತಾನು ಹೆಣ್ಣೆಂದೇ ಅರಿಯುವವರ ಬದುಕು ಮತ್ತೂ ಬೇರೆ. ಸವದತ್ತಿ ಎಲ್ಲಮ್ಮನ ಪರಂಪರೆಯ ಜೋಗತಿ ಮಂಜಮ್ಮನವರಿಗೆ 2021ರಲ್ಲಿ ಪದ್ಮಶ್ರೀ ಬಂದಾಗ ಇಡೀ ನಾಡು ಆ ಬದುಕಿನ ಘನತೆ ಕಂಡಿತು. ಈ ಮೂರನ್ನೂ ಒಂದೇ ಬೈಗುಳದಲ್ಲಿ ಕಟ್ಟಿದಾಗ ಮೂವರಿಗೂ ಅನ್ಯಾಯವಾಗುತ್ತದೆ. ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆದ ಮೇಲೆ, ಸಲಿಂಗಪ್ರೇಮಿ ಹುಡುಗರೂ ಡೇಟಿಂಗ್ ಆ್ಯಪುಗಳಲ್ಲಿ ಜೊತೆಗಾರರನ್ನು ಸ್ವಲ್ಪ ಧೈರ್ಯವಾಗಿ ಹುಡುಕುತ್ತಿದ್ದಾರೆ. ಅಲ್ಲೂ ಹೆಣ್ಣಿಗರು ಬೇಡ ಎಂದು ಬರೆದಿಟ್ಟ ಪ್ರೊಫೈಲುಗಳು ಸಿಗುತ್ತವೆ. ಈ ತಾರತಮ್ಯ ಎಷ್ಟು ಹಬ್ಬಿತೆಂದರೆ ಅಂಥ ಆ್ಯಪ್ ನಡೆಸುವ ಗ್ರೈಂಡರ್ ಸಂಸ್ಥೆ 2018ರಲ್ಲಿ ಅದರ ವಿರುದ್ಧವೇ ಅಭಿಯಾನ ನಡೆಸಬೇಕಾಯಿತು. ಅಪಮಾನಕ್ಕೆ ಒಳಗಾದವರೇ ಅದನ್ನು ಇನ್ನೂ ಮೃದುವಾದವನ ಮೇಲೆ ಇಳಿಸುವುದು ಈ ಕತೆಯ ನೋವಿನ ಭಾಗ.

ಹೆಣ್ಣುಮಕ್ಕಳ ಕಡೆಯಿಂದಲೂ ಒಂದು ಎಚ್ಚರಿಕೆಯ ಮಾತಿದೆ. ಮುಖ ಮೆತ್ತಗಿದ್ದವನ ಮನಸ್ಸೂ ಮೆತ್ತಗಿರುತ್ತದೆ ಎಂಬ ಖಾತ್ರಿಯಿಲ್ಲ. ಕೋಮಲ ಮುಖದ ಹುಡುಗನೂ ಹುಡುಗಿಯ ಫೋನ್ ತಪಾಸಣೆ ಮಾಡಬಹುದು, ಬೇಡ ಎಂದಾಗ ಕಾಡಬಹುದು. ಅಖಾಡದ ಪೈಲ್ವಾನ ಮನೆಯಲ್ಲಿ ಹೆಂಡತಿಗೆ ಚಹಾ ಮಾಡಿಕೊಟ್ಟು ಮಗಳಿಗೆ ಜಡೆ ಹಾಕಬಹುದು. ಮುಖ ನೋಡಿ ಗುಣ ಅಳೆಯುವ ತಪ್ಪನ್ನು ಮೃದು ಮುಖದ ಹುಡುಗರ ಪರವಾಗಿಯೂ ಮಾಡಬಾರದು. ಅವರು ಕೇಳುತ್ತಿರುವುದು ವಿಶೇಷ ರಿಯಾಯಿತಿಯನ್ನಲ್ಲ, ಉಳಿದವರಿಗೆ ಸಿಗುವ ಮೊದಲ ಮಾತುಕತೆಯ ಅವಕಾಶವನ್ನು.

ಆ ಮಾತುಕತೆಗೆ ಸಿದ್ಧನಾಗುವುದು ಹುಡುಗನ ಕೈಯಲ್ಲಿದೆ. ಫಿಲ್ಟರ್ ಹಾಕಿ ದವಡೆ ಚೂಪು ಮಾಡಿದ ಫೋಟೊ ಕೊಟ್ಟರೆ ಮೊದಲ ಭೇಟಿಯಲ್ಲೇ ಹುಡುಗಿಗೆ ಮೋಸ ಹೋದಂತೆ ಅನಿಸುತ್ತದೆ. ಹಗಲು ಬೆಳಕಿನ, ನಗುವ ಫೋಟೊ ಸಾಕು. ತೆಳು ಗಡ್ಡವನ್ನು ತೇಪೆತೇಪೆಯಾಗಿ ಬಿಡುವುದಕ್ಕಿಂತ ನುಣುಪು ಕ್ಷೌರ ಅಂಥ ಮುಖಕ್ಕೆ ಒಪ್ಪುತ್ತದೆ. ಭುಜಕ್ಕೆ ಸರಿಯಾಗಿ ಕೂರುವ ಅಂಗಿ, ಬೆನ್ನು ನೆಟ್ಟಗಿಟ್ಟು ನಿಲ್ಲುವ ರೂಢಿ, ದನಿ ತೆಳುವಾಗಿದ್ದರೂ ವಾಕ್ಯ ಮುಗಿಸಿ ಮಾತಾಡುವ ಧೈರ್ಯ ಬಹಳ ಕೆಲಸ ಮಾಡುತ್ತವೆ. ವ್ಯಾಯಾಮ ಮಾಡುವುದಿದ್ದರೆ ಆರೋಗ್ಯಕ್ಕಾಗಿ, ಖುಷಿಗಾಗಿ ಮಾಡಲಿ. ‘ತಮ್ಮ ಇದ್ದಂಗ’ ಎನ್ನುವ ಉತ್ತರ ಬಂದರೆ ಅದನ್ನು ಒಂದು ಬೇಡವೆಂದು ಒಪ್ಪಿಕೊಂಡು ಮುಂದೆ ಹೋಗಬೇಕು. ಅದನ್ನು ತನ್ನ ಗಂಡಸುತನದ ಮೇಲಿನ ತೀರ್ಪೆಂದು ಓದಿದರೆ ಮುಂದಿನ ಹುಡುಗಿಯ ಮುಂದೆ ಬಾಯೇ ಬಾರದು. ಮನಸ್ಸು ತೀರ ಕುಗ್ಗಿದರೆ ಸರಕಾರದ ಟೆಲಿ ಮಾನಸ್ 14416 ಸಂಖ್ಯೆಗೆ ಕನ್ನಡದಲ್ಲೇ ಮಾತಾಡಬಹುದು, ಅದಕ್ಕೆ ಹಣವಿಲ್ಲ.

ಉಳಿದದ್ದು ಹಿರಿಯರ ಮತ್ತು ಕಾಲೇಜುಗಳ ಕೆಲಸ. ಮನೆಯಲ್ಲಿ ಅಪ್ಪ, ಕಾಕಾ, ಮಾವಂದಿರು ಹಬ್ಬದ ಪಂಕ್ತಿಯಲ್ಲಿ ಕೂತು ಹುಡುಗನ ಮೀಸೆ ಎಣಿಸುವುದನ್ನು ನಿಲ್ಲಿಸಬೇಕು. ಆ ನಗೆಯನ್ನು ಹುಡುಗ ಮುಂದೆ ಎಲ್ಲ ಸಂಬಂಧಗಳ ಒಳಗೂ ಹೊತ್ತುಕೊಂಡು ಹೋಗುತ್ತಾನೆ. ಹಾಸ್ಟೆಲಿನಲ್ಲಿ ಇದು ತಮಾಷೆಯ ಗೆರೆ ದಾಟಿದರೆ ಕಾನೂನು ಅವನ ಬೆನ್ನಿಗಿದೆ. ವಿಶ್ವವಿದ್ಯಾಲಯ ಅನುದಾನ ಆಯೋಗ 2009ರ ರ‍್ಯಾಗಿಂಗ್ ವಿರೋಧಿ ನಿಯಮಗಳನ್ನು 2016ರಲ್ಲಿ ತಿದ್ದಿತು. ಜಾತಿ, ಧರ್ಮ, ಭಾಷೆ, ಲಿಂಗ, ಲೈಂಗಿಕ ಒಲವುಗಳ ಜೊತೆ ದೇಹದ ರೂಪದ ಕಾರಣಕ್ಕೆ ವಿದ್ಯಾರ್ಥಿಯನ್ನು ಹಿಂಸಿಸುವುದನ್ನು, ಗುಂಪಿನಿಂದ ಹೊರಗಿಡುವುದನ್ನು ಕೂಡ ರ‍್ಯಾಗಿಂಗ್ ಎಂದೇ ಅದು ಎಣಿಸುತ್ತದೆ. ದೂರು ಕೊಡಲು 1800-180-5522 ಎಂಬ ಉಚಿತ ದೂರವಾಣಿ ಇದೆ. ಪ್ರತಿ ವರ್ಷ ಪ್ರವೇಶದ ಹೊತ್ತಿಗೆ ವಿದ್ಯಾರ್ಥಿಯೂ ಪೋಷಕರೂ ರ‍್ಯಾಗಿಂಗ್ ವಿರೋಧಿ ಮುಚ್ಚಳಿಕೆ ಕೊಡುತ್ತಾರೆ, ಬಹಳ ಮಂದಿ ಅದನ್ನು ಓದುವುದಿಲ್ಲ. ಈ ಜೂನ್–ಜುಲೈನಲ್ಲಿ ಬೆಳಗಾವಿ, ಖಾನಾಪುರದ ಕಾಲೇಜುಗಳು ರೂಪದ ಕುರಿತ ಆ ನಿಯಮವನ್ನು ಕನ್ನಡದಲ್ಲೂ ಮರಾಠಿಯಲ್ಲೂ ದೊಡ್ಡಕ್ಷರದಲ್ಲಿ ಬರೆಸಿ ಹಾಸ್ಟೆಲಿನ ಬಾಗಿಲಿಗೆ ಹಚ್ಚಲಿ, ಮೊದಲ ದಿನದ ಸಭೆಯಲ್ಲಿ ಪ್ರಾಚಾರ್ಯರೇ ಅದನ್ನು ಓದಿ ಹೇಳಲಿ.